ಎರಡೇ ಕೀಲಿಕೈ ಇದ್ದ ಕೋಣೆ

ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ಎದ್ದು ಹೋಗುವವಳು ನಾನು. ನನ್ನ ತಾಯಿ ಸಂತೆಕಲ್ಲೂರಿನವಳು. ಅವಳ ಹತ್ತಿರ ಇಂಥ ಕಥೆಗಳಿಗೆ ಕೊರತೆ ಇರಲಿಲ್ಲ. "ನೀ ಕಣ್ಣಾರೆ ನೋಡಿಯೇನು?" ಎಂದು ನಾನು ಕೇಳಿದರೆ, "ನಾ ನೋಡಿಲ್ಲ, ನಮ್ಮ ದೊಡ್ಡವ್ವ ನೋಡ್ಯಾಳ" ಎನ್ನುತ್ತಿದ್ದಳು. ಯಾವಾಗಲೂ ನೋಡಿದವರು ಬೇರೆಯವರೇ. ಆದ್ದರಿಂದ ಈಗ ನಾನು ಬರೆಯುವುದನ್ನು ನೀವು ನಂಬದೆ ಇದ್ದರೆ ನನಗೆ ಬೇಸರವಿಲ್ಲ. ಒಂದೇ ವ್ಯತ್ಯಾಸವೆಂದರೆ, ಇಲ್ಲಿ ನೋಡಿದವಳು ನಾನೇ. ನನ್ನ ಕೈಯಿಂದಲೇ ಬೀಗ ತೆಗೆದು ನೋಡಿದ್ದೇನೆ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಸಿಂಧನೂರಿನ ಹೊರಗೆ, ಕಾಲುವೆ ಪಕ್ಕದ ರಸ್ತೆಯಲ್ಲಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರದಲ್ಲಿ ನಾನು ಮೇಲ್ವಿಚಾರಕಿಯಾಗಿದ್ದೆ. ಲಕ್ವಾ ಹೊಡೆದವರು, ಸೊಂಟ ಮುರಿದವರು, ಮರೆವಿನ ರೋಗದವರು, ಎಲ್ಲ ಸೇರಿ ಇಪ್ಪತ್ತೆಂಟು ಮಂದಿ. ಹೊರಗಿನವರು ಬಂದರೆ ಊಟ ಹೇಗಿದೆ, ಡಾಕ್ಟರು ಬರುತ್ತಾರೋ ಎಂದು ಕೇಳುತ್ತಾರೆ. ಚಾದರದ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಒಳಗಿದ್ದವರಿಗೆ ಗೊತ್ತು, ಇಂಥ ಮನೆ ನಡೆಯುವುದೇ ಒಗೆದು ಒಣಗಿಸಿದ ಚಾದರದ ಮೇಲೆ. ಕೆಲವರಿಗೆ ದಿನಕ್ಕೆ ಮೂರು ಸಲ ಬದಲಿಸಬೇಕು. ಹಸಿ ಚಾದರದ ಮೇಲೆ ಮಲಗಿದರೆ ಬೆನ್ನು ಹುಣ್ಣಾಗುತ್ತದೆ. ಹೊರಗೆ ಹಗ್ಗದ ಮೇಲೆ ಹಾಕೋಣವೆಂದರೆ ಸುತ್ತಲೂ ಅಕ್ಕಿ ಗಿರಣಿಗಳು. ಸುಗ್ಗಿಯ ದಿನಗಳಲ್ಲಿ ಹೊಟ್ಟಿನ ಬೂದಿ ಹಾರಿ ಬಂದು ಬಿಳಿ ಚಾದರವೆಲ್ಲ ಕರಿ ಚುಕ್ಕೆ. ಹೀಗಾಗಿ ನಮ್ಮಲ್ಲಿ ಒಗೆಯುವ ದೊಡ್ಡ ಮಷೀನಿನ ಜೊತೆಗೆ ಕರೆಂಟಿನ ಬಿಸಿಗಾಳಿಯಿಂದ ಒಣಗಿಸುವ ಮಷೀನೂ ಇತ್ತು.

ಇವೆರಡನ್ನೂ ಆರು ವರ್ಷ ನೋಡಿಕೊಂಡವನು ಖಾಸಿಂಸಾಬ. ಮುದಗಲ್ಲಿನವನು. ಮೊದಲು ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು, ವಯಸ್ಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದ. ಮಷೀನು ಓಡುವಾಗ ಅದರ ಮೈಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದ. "ಮಾತಾಡೂದಿಲ್ಲ ಅಂತೀರಿ ಅಕ್ಕಾರ, ಕೈ ಇಟ್ಟು ನೋಡ್ರಿ, ಎಲ್ಲಾ ಹೇಳತೈತಿ" ಎನ್ನುತ್ತಿದ್ದ. ಒಣಗುವಾಗ ಬಟ್ಟೆಯಿಂದ ಹಿಂಜಿದ ಹತ್ತಿಯಂಥ ಕಸ ಉದುರಿ ಜಾಳಿಗೆಯಲ್ಲಿ ಕೂಡುತ್ತದೆ. ಒಂದೊಂದು ಸರದಿ ಮುಗಿದ ಮೇಲೂ ಅವನು ಆ ಜಾಳಿಗೆ ಎಳೆದು ಕಸ ತೆಗೆಯುತ್ತಿದ್ದ. ತೆಗೆದದ್ದನ್ನು ಹಾಗೇ ಬುಟ್ಟಿಗೆ ಹಾಕುತ್ತಿರಲಿಲ್ಲ. ನೀರು ಹಾಕಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಹೊಸ್ತಿಲ ಪಕ್ಕ ಸಾಲಾಗಿ ಇಡುತ್ತಿದ್ದ. ಒಣ ಹತ್ತಿ ಕಸಕ್ಕೆ ಒಂದು ಕಿಡಿ ಸಾಕು ಎಂದು ಅವನ ಹೆದರಿಕೆ. ನಾವು ನಗುತ್ತಿದ್ದೆವು. ಅವನು ಇದ್ದಷ್ಟು ದಿನ ಆ ಕೋಣೆಯ ಬಗ್ಗೆ ನಾನು ಯೋಚನೆ ಮಾಡಿದ್ದೇ ಇಲ್ಲ.

ಒಂದು ಬೆಳಿಗ್ಗೆ ಅವನ ಎಡಗಡೆ ಪೂರ್ತಿ ಬಿದ್ದುಹೋಯಿತು. ಇಷ್ಟು ಮಂದಿ ಲಕ್ವಾದವರ ಚಾದರ ಒಣಗಿಸಿದ ಮನುಷ್ಯನಿಗೆ ನಮ್ಮಲ್ಲೇ ಒಂದು ಹಾಸಿಗೆ ಕೊಡಿ ಎಂದು ನಾನು ಕೇಳಿದೆ. ಖಾಲಿ ಇಲ್ಲ ಎಂದರು ವ್ಯವಸ್ಥಾಪಕರು. ಮಗಳು ಬಂದು ಅವನನ್ನು ಮುದಗಲ್ಲಿಗೆ ಕರೆದುಕೊಂಡು ಹೋದಳು.

ಅಲ್ಲಿಂದ ನನ್ನ ತಲೆನೋವು ಶುರುವಾಯಿತು. ಕೋಣೆಯ ಹಿಂದೆ ಒಂದು ಉಗ್ರಾಣ ಕಟ್ಟಿಸಿದರು. ಬಿಸಿಗಾಳಿ ನೇರವಾಗಿ ಹೊರಹೋಗುತ್ತಿದ್ದ ಕೊಳವೆಯನ್ನು ಉಗ್ರಾಣದ ಸುತ್ತ ಮೂರು ಕಡೆ ಬಾಗಿಸಿ, ಉದ್ದ ಮಾಡಿ, ತುದಿಗೆ ಗುಬ್ಬಿ ಬರಬಾರದೆಂದು ಸಣ್ಣ ಜಾಲರಿ ಬಡಿದರು. ಗಾಳಿ ಹೋಗದೆ ಕಸವೆಲ್ಲ ಕೊಳವೆಯೊಳಗೇ ಕಟ್ಟತೊಡಗಿತು. ಮುಕ್ಕಾಲು ತಾಸಿನಲ್ಲಿ ಒಣಗುತ್ತಿದ್ದ ಚಾದರಗಳು ಎರಡು ತಾಸಾದರೂ ಹಸಿ. ಬಿಸಿ ಹೆಚ್ಚಾಗಿ ಮಷೀನು ತಾನೇ ನಿಂತುಬಿಡುತ್ತಿತ್ತು. ನಿಲ್ಲಬೇಕಾದದ್ದೇ, ಅದಕ್ಕೆಂದೇ ಒಳಗೆ ಒಂದು ಸಾಧನ ಇರುತ್ತದೆ. ಆದರೆ ವ್ಯವಸ್ಥಾಪಕರು ಕರೆಸಿದ ಎಲೆಕ್ಟ್ರಿಷಿಯನ್ ಏನು ಮಾಡಿದ ಗೊತ್ತೇ? ಆ ಸಾಧನದ ಎರಡು ವೈರು ಕಿತ್ತು ಒಂದಕ್ಕೊಂದು ಹೊಸೆದುಬಿಟ್ಟ. "ಇನ್ನ ನಿಂದ್ರೂದಿಲ್ಲ ಬಿಡ್ರಿ" ಎಂದು ಹೇಳಿ ಹೋದ. ನಾನು ಬಾಗಿಲಲ್ಲೇ ನಿಂತು ನೋಡಿದ್ದೆ.

ಆ ಕೋಣೆಯ ಗೋಡೆಯ ಆಚೆಗೇ ಏಳಲಾರದವರ ವಾರ್ಡು. ಹನ್ನೊಂದು ಹಾಸಿಗೆ. ಬೆಂಕಿ ಬಿದ್ದರೆ ಅವರು ಓಡುವುದಿರಲಿ, ಮಗ್ಗುಲೂ ಬದಲಿಸಲಾರರು. ಇದನ್ನು ನಾನು ವ್ಯವಸ್ಥಾಪಕರಿಗೆ ಬಾಯಲ್ಲಿ ಹೇಳಿದೆ, ಬರೆದು ಕೊಟ್ಟೆ, ಮತ್ತೆ ಬರೆದು ಕೊಟ್ಟೆ. "ರಾಯಚೂರಿನ ಮೆಕ್ಯಾನಿಕ್‌ಗೆ ಹೇಳೀನ್ರಿ, ಬರಾಕತ್ತಾನ" ಎಂದು ಅವರ ಉತ್ತರ. ಎರಡು ತಿಂಗಳು ಆ ಮೆಕ್ಯಾನಿಕ್ ಬರುತ್ತಲೇ ಇದ್ದ. ಕೊನೆಗೆ ವಿಚಾರಿಸಿದರೆ ಅವನಿಗೆ ಯಾರೂ ಹೇಳಿಯೇ ಇರಲಿಲ್ಲ. ಮಷೀನು ಬಳಸುವುದೇ ಬೇಡ ಎಂದರೆ ಚಾದರ ಎಲ್ಲಿಂದ ತರಲಿ? ನಾನು ಮಾಡಲು ಸಾಧ್ಯವಿದ್ದದ್ದು ಒಂದೇ ನಿಯಮ: ಮಷೀನು ಓಡುವಾಗ ಕೋಣೆ ಬಿಟ್ಟು ಯಾರೂ ಕದಲಬಾರದು. ಖಾಸಿಂಸಾಬನ ಜಾಗಕ್ಕೆ ಬಂದಿದ್ದ ಮಸ್ಕಿಯ ನಾಗಮ್ಮ ಅದನ್ನು ಚಾಚೂ ತಪ್ಪದೆ ನಡೆಸುತ್ತಿದ್ದಳು.

ಕೋಣೆಗೆ ಬೀಗ ಹಾಕುವ ಪದ್ಧತಿ ಮೊದಲಿಂದಲೂ ಇತ್ತು. ಮರೆವಿನ ರೋಗದ ಅಜ್ಜ ಒಬ್ಬ ಹಿಂದೊಮ್ಮೆ ಒಳಗೆ ಹೋಗಿ ತಿರುಗುವ ಮಷೀನಿಗೆ ಕೈ ಹಾಕಲು ನೋಡಿದ್ದ. ಕೀಲಿಕೈ ಎರಡೇ. ಒಂದು ನನ್ನ ಬ್ಯಾಗಿನಲ್ಲಿ, ಒಂದು ನಾಗಮ್ಮನ ಸೆರಗಿನ ಗಂಟಿನಲ್ಲಿ.

ಆ ದಿನ ನಾನು ರಜೆ ಹಾಕಿ ಲಿಂಗಸುಗೂರಿಗೆ ಹೋದೆ. ಕೇಂದ್ರ ನಡೆಸುವ ಮಂಡಳಿಯ ಅಧ್ಯಕ್ಷರ ಮನೆ ಅಲ್ಲಿದೆ. ಎರಡು ತಾಸು ಪಡಸಾಲೆಯಲ್ಲಿ ಕೂತ ಮೇಲೆ ಅವರು ಬಂದರು. ನಾನು ಕೊಳವೆ, ವೈರು, ಗೋಡೆಯ ಆಚೆಗಿನ ಹಾಸಿಗೆಗಳು, ಎಲ್ಲ ಹೇಳಿದೆ. ಅವರು ಮೊಬೈಲು ನೋಡುತ್ತಲೇ ಕೇಳಿದರು: "ಇಲ್ಲೀತನಕಾ ಏನರ ಆಗೇತೇನಮ್ಮ?"

"ಆಗಬಾರದು ಅಂತನೇ ಬಂದೀನ್ರಿ."

"ಆಗಿಲ್ಲಲ್ಲ? ಮುಂದಿನ ಮೀಟಿಂಗಿನಾಗ ಇಡೂಣಂತ."

ಬಸ್ಸಿನಲ್ಲಿ ಕೂತಾಗ ನನಗೆ ಅಳು ಬಂದಿತ್ತು, ದುಃಖದಿಂದಲ್ಲ, ಸಿಟ್ಟಿನಿಂದ. ಮಸ್ಕಿ ದಾಟುವಾಗ ಖಾಸಿಂಸಾಬ ನೆನಪಾದ. ಅವನಿದ್ದಿದ್ದರೆ ಯಾರ ಅಪ್ಪಣೆಗೂ ಕಾಯದೆ ಕೊಳವೆ ಬಿಚ್ಚಿ ಒಗೆಯುತ್ತಿದ್ದ ಎಂದುಕೊಂಡೆ. ಅದು ಮೂರು ಗಂಟೆಯ ಹೊತ್ತು. ಇದಿಷ್ಟು ನೆನಪಿರುವುದು ಏಕೆಂದರೆ ಕಂಡಕ್ಟರು ಯಾರಿಗೋ ಸಮಯ ಹೇಳುತ್ತಿದ್ದ.

ನಾಲ್ಕರ ಸುಮಾರಿಗೆ ಆಟೋದಿಂದ ಕೇಂದ್ರದ ಗೇಟಿನ ಮುಂದೆ ಇಳಿದೆ. ನನ್ನ ಹಿಂದೆಯೇ ಇನ್ನೊಂದು ಆಟೋ ಬಂದು ನಿಂತಿತು. ಅದರಿಂದ ನಾಗಮ್ಮ ಇಳಿದಳು. ಎರಡು ಗಂಟೆಗೆ ಒಬ್ಬ ಅಜ್ಜಿ ಬಚ್ಚಲಲ್ಲಿ ಬಿದ್ದು ತಲೆ ಒಡೆದುಕೊಂಡಿದ್ದಳಂತೆ. ಜೊತೆಗೆ ಹೋಗಲು ಬೇರೆ ಯಾರೂ ಇಲ್ಲದೆ ವ್ಯವಸ್ಥಾಪಕರು ನಾಗಮ್ಮನನ್ನೇ ಆಸ್ಪತ್ರೆಗೆ ಕಳಿಸಿದ್ದರಂತೆ. ಅಜ್ಜಿಯನ್ನು ಅಲ್ಲಿ ಸೇರಿಸಿ, ಬಟ್ಟೆ ಒಯ್ಯಲು ಬಂದಿದ್ದಳು. ಇದನ್ನು ಹೇಳುತ್ತ ಹೇಳುತ್ತ ಅವಳು ತಟ್ಟನೆ ನಿಂತಳು. ಹಣೆ ಬಡಿದುಕೊಂಡಳು.

"ಅಕ್ಕಾರ! ಮಷೀನ್ ಚಾಲೂ ಬಿಟ್ಟು ಹೋಗೀನ್ರೀ! ಕೀಲಿ ಹಾಕ್ಕೊಂಡು ಹೋಗೀನಿ!"

ಚಾದರ ಒಣಗುವುದಿಲ್ಲವೆಂದು ಮಷೀನಿನ ಸಮಯದ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿಡುವುದು ರೂಢಿಯಾಗಿತ್ತು. ಎರಡು ತಾಸು, ಹೊಸೆದ ವೈರು, ಮುಚ್ಚಿದ ಕೊಳವೆ. ನಾವಿಬ್ಬರೂ ಓಡಿದೆವು. ಓಣಿಯಂಥ ಆ ಉದ್ದ ಮೊಗಸಾಲೆಗೆ ಕಾಲಿಡುತ್ತಲೇ ಸುಟ್ಟ ವಾಸನೆ. ನಾಗಮ್ಮ "ಯವ್ವಾ, ಯವ್ವಾ" ಎನ್ನುತ್ತಿದ್ದಳು. ವಾರ್ಡಿನ ಆಯಾ ಬಾಗಿಲಿಗೆ ಬಂದು, "ಯಾಕ್ರೀ? ವಾಸನಿ ನನಗೂ ಬಂತು. ಅಡಗಿಮನ್ಯಾಗ ರೊಟ್ಟಿ ಹೊತ್ತಿರಬೇಕು ಅಂದ್ಕೊಂಡೆ" ಎಂದಳು.

ಬಾಗಿಲಿಗೆ ಬೀಗ ಹಾಕಿದ ಹಾಗೇ ಇತ್ತು. ನಾಗಮ್ಮ ಸೆರಗಿನ ಗಂಟು ಬಿಚ್ಚುವವರೆಗೆ ನಾನು ಕಾಯಲಿಲ್ಲ. ನನ್ನ ಕೀಲಿಕೈಯಿಂದಲೇ ತೆಗೆದೆ.

ಒಳಗೆ ಹೊಗೆ ಇರಲಿಲ್ಲ. ಸದ್ದೂ ಇರಲಿಲ್ಲ. ಒಣಗಿಸುವ ಮಷೀನಿನ ಬಾಗಿಲು ತೆರೆದಿತ್ತು. ಒಳಗಿನ ಚಾದರಗಳಲ್ಲಿ ಎರಡರ ಅಂಚು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಇನ್ನೂ ಬಿಸಿ. ಗೋಡೆಯ ಮೇಲೆ ಆ ಮಷೀನಿಗೆಂದೇ ಇದ್ದ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದಿತ್ತು. ಚಾವಣಿಯ ಫ್ಯಾನು ತಿರುಗುತ್ತಿತ್ತು, ಅಂದರೆ ಕರೆಂಟು ಹೋಗಿರಲಿಲ್ಲ. ಮಷೀನಿನ ಹಿಂದೆ ಬಗ್ಗಿ ನೋಡಿದೆ. ಕೊಳವೆಯನ್ನು ಮಷೀನಿನಿಂದ ಬಿಡಿಸಿ ಪಕ್ಕಕ್ಕೆ ಸರಿಸಿತ್ತು. ಹಿಂದಿನ ತಗಡು ಬಿಚ್ಚಿ ಗೋಡೆಗೆ ಆನಿಸಿತ್ತು. ಅದರ ಸ್ಕ್ರೂಗಳು ಸೋಪಿನ ಪುಡಿಯ ಡಬ್ಬಿಯ ಮುಚ್ಚಳದಲ್ಲಿ, ಒಂದೂ ಕಳೆಯದೆ. ಎಲೆಕ್ಟ್ರಿಷಿಯನ್ ಹೊಸೆದಿದ್ದ ವೈರುಗಳನ್ನು ಬೇರೆ ಮಾಡಿ, ಎರಡರ ತುದಿಗೂ ಬೇರೆಬೇರೆಯಾಗಿ ಟೇಪು ಸುತ್ತಿತ್ತು.

ನಾಗಮ್ಮ ನನ್ನ ತೋಳು ಹಿಡಿದು ಹೊಸ್ತಿಲ ಕಡೆ ತೋರಿಸಿದಳು. ಅಲ್ಲಿ ಹತ್ತಿ ಕಸದ ಉಂಡೆಗಳಿದ್ದವು. ಸಾಲಾಗಿ, ನಿಂಬೆಹಣ್ಣಿನ ಗಾತ್ರದವು. ನಾನು ಒಂದನ್ನು ಎತ್ತಿಕೊಂಡೆ. ನೀರು ನನ್ನ ಮುಂಗೈ ಮೇಲೆ ಹರಿಯಿತು. ನಾಗಮ್ಮ ಖಾಸಿಂಸಾಬನನ್ನು ನೋಡಿದವಳೇ ಅಲ್ಲ. ಕಸವನ್ನು ಹೀಗೆ ಉಂಡೆ ಕಟ್ಟಬೇಕೆಂದು ಅವಳಿಗೆ ನಾನು ಹೇಳಿಕೊಟ್ಟೂ ಇರಲಿಲ್ಲ.

ನಾನು ಬುದ್ಧಿ ಕಳೆದುಕೊಳ್ಳಲಿಲ್ಲ. ಕಿಟಕಿಯ ಸರಳು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಬೀಗವನ್ನು ಎಳೆದು, ಜಗ್ಗಿ ನೋಡಿದೆ. ಅಡುಗೆಯವಳನ್ನು, ಆಯಾಳನ್ನು, ಗೇಟಿನವನನ್ನು ಕೇಳಿದೆ. ಒಳಗೆ ಯಾರೂ ಬಂದಿಲ್ಲ, ಹೊರಗೆ ಯಾರೂ ಹೋಗಿಲ್ಲ. ವ್ಯವಸ್ಥಾಪಕರು ಊಟಕ್ಕೆಂದು ಮನೆಗೆ ಹೋದವರು ಇನ್ನೂ ಬಂದಿರಲಿಲ್ಲ.

ಆಗ ಈರಮ್ಮ ಕರೆದಳು. ವಾರ್ಡಿನ ಬಾಗಿಲ ಪಕ್ಕದ ಹಾಸಿಗೆ ಅವಳದು. ಕಣ್ಣು ಕಾಣುವುದಿಲ್ಲ, ಆದರೆ ಕಿವಿ ಚುರುಕು. ನಡೆಯುವ ಸದ್ದಿನಲ್ಲೇ ಯಾರೆಂದು ಹೇಳುತ್ತಿದ್ದಳು.

"ಅಕ್ಕಾರ, ಖಾಸಿಂಸಾಬಗ ಆರಾಮ ಆತೇನ್ರೀ?"

"ಯಾಕವ್ವಾ?"

"ಬಂದಿದ್ದನಲ್ರೀ, ಆಗಳೆ. ಕೆಮ್ಮಿದ. 'ಚಾ ಕುಡದೇನಬೇ ಈರವ್ವಾ' ಅಂದ. ಇನ್ನಾ ಕೊಟ್ಟಿಲ್ಲಪ್ಪಾ ಅಂದೆ. ನಗಲಿಲ್ಲ, ಬಿರಬಿರ ಹೋದ. ಬ್ಯಾಸರದಾಗ ಇದ್ದಂಗಿದ್ದ."

ಮುದುಕಿಗೆ ಕನಸು ಬಿದ್ದಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ಅಂದು ಅದನ್ನೇ ಹೇಳಿಕೊಂಡೆ.

ಸಂಜೆ ಬಂದ ವ್ಯವಸ್ಥಾಪಕರು ಎಲ್ಲವನ್ನೂ ನೋಡಿದರು. ಬೀಗ ಹಾಕಿದ ಕೋಣೆಯಲ್ಲಿ ತಗಡು ಬಿಚ್ಚಿದವರು ಯಾರು ಎಂದು ಅವರಿಗೆ ಕುತೂಹಲವೇ ಹುಟ್ಟಲಿಲ್ಲ. "ಏನೂ ಆಗಿಲ್ಲಲ್ಲ, ಬಿಡ್ರಿ" ಎಂದರು. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ನೋಟೀಸು: ಮಷೀನು ಓಡುತ್ತಿರುವಾಗ ಸಿಬ್ಬಂದಿ ಕೋಣೆ ಬಿಟ್ಟು ಹೋದದ್ದಕ್ಕೆ ಮೇಲ್ವಿಚಾರಕಿ ಕಾರಣ ತಿಳಿಸಬೇಕು. ನಾಗಮ್ಮನನ್ನು ಆಸ್ಪತ್ರೆಗೆ ಕಳಿಸಿದವರೇ ಸಹಿ ಮಾಡಿದ್ದರು. ಓದಿ ನಾನು ನಕ್ಕೆನೋ ಬೈದೆನೋ ನೆನಪಿಲ್ಲ. ಒಣಗಿಸುವ ಮಷೀನಿನ ಫ್ಯೂಸು ಕಿತ್ತು ಬ್ಯಾಗಿಗೆ ಹಾಕಿಕೊಂಡು, ಮೆಕ್ಯಾನಿಕ್ ಬಂದ ಮೇಲೆ ಕೊಡುತ್ತೇನೆ ಎಂದು ಅದೇ ಕಾಗದದ ಹಿಂದೆ ಬರೆದು ಕೊಟ್ಟೆ. ಹಾಗೇ ಬಸ್ ಸ್ಟ್ಯಾಂಡಿಗೆ ಹೋಗಿ ಲಿಂಗಸುಗೂರಿನ ಬಸ್ಸು ಹತ್ತಿದೆ, ಅಲ್ಲಿಂದ ಮುದಗಲ್ಲಿಗೆ.

ಖಾಸಿಂಸಾಬನನ್ನು ಒಮ್ಮೆ ನೋಡಲೇಬೇಕಿತ್ತು. ಅವನು ಎದ್ದು ಓಡಾಡುತ್ತಿರಬಹುದು, ಹಳೆಯ ಸಲಿಗೆಯಿಂದ ಬಂದು ಹೋಗಿರಬಹುದು, ಅವನ ಹತ್ತಿರ ಮೂರನೆಯ ಕೀಲಿಕೈ ಇದ್ದಿರಬಹುದು. ಹಾಗಿರಲಿ ಎಂದೇ ಹಾರೈಸುತ್ತಿದ್ದೆ ಅನಿಸುತ್ತದೆ.

ಕೋಟೆಯ ಮಗ್ಗುಲಿನ ಒಂದು ಸಣ್ಣ ಓಣಿಯಲ್ಲಿ ಮಗಳು ಮೆಹಬೂಬಿಯ ಮನೆ. ಖಾಸಿಂಸಾಬ ಗೋಡೆಯ ಕಡೆ ಮಂಚದ ಮೇಲೆ ಮಲಗಿದ್ದ. ಎಡಗೈ, ಎಡಗಾಲು ಕಟ್ಟಿಗೆಯ ಹಾಗೆ ಬಿದ್ದಿದ್ದವು. ಮೈ ಅರ್ಧವಾಗಿತ್ತು. ಈ ಮನುಷ್ಯ ಮಂಚದಿಂದ ಬಾಗಿಲಿಗೂ ಬರಲಾರ ಎಂದು ನೋಡಿದ ಕೂಡಲೇ ಗೊತ್ತಾಯಿತು. ನಾನು ಹೇಗಿದ್ದೀ ಎಂದು ಕೇಳುವ ಮೊದಲೇ, ನಾಲಿಗೆ ತೊದಲುತ್ತ ಅವನು ಅಂದ:

"ಅಕ್ಕಾರ, ಆ ವೈರು ಹಂಗ ಜೋಡಸಾಕ ಬಿಡಬಾರದಿತ್ತು ನೀವು."

"ಯಾವ ವೈರು, ಖಾಸಿಂಸಾಬ?"

"ಹಿಂದಿಂದು. ಬಿಸಿ ಹೆಚ್ಚಾದ್ರ ನಿಂದರಸೂದು."

ವೈರು ಹೊಸೆದದ್ದು ಅವನು ಊರಿಗೆ ಹೋದ ಮೇಲೆ. ನಾನು ಅವನಿಗೆ ಹೇಳಿರಲಿಲ್ಲ. ನಾಗಮ್ಮನ ಹತ್ತಿರ ಅವನ ನಂಬರೇ ಇರಲಿಲ್ಲ.

"ನಿನಗ ಯಾರು ಹೇಳಿದ್ರು?"

ಅವನು ಮಗಳ ಮುಖ ನೋಡಿದ, ನನ್ನ ಮುಖ ನೋಡಿದ. ನೆನಪು ಮಾಡಿಕೊಳ್ಳಲು ಬಹಳ ಕಷ್ಟಪಟ್ಟ. "ಯಾರೂ ಹೇಳಿಲ್ಲ ಅಕ್ಕಾರ. ನಿನ್ನಿಂದ ತಲ್ಯಾಗ ಅದ ಐತಿ" ಎಂದ. ಕಣ್ಣಲ್ಲಿ ನೀರು ಬಂತು. ತಾನೇನೋ ತಪ್ಪು ಮಾತಾಡಿದೆನೆಂದು ಹೆದರಿದವನ ಹಾಗೆ ಕಂಡ.

ಹೊರಡುವಾಗ ಮೆಹಬೂಬಿ ಬಾಗಿಲವರೆಗೆ ಬಂದಳು. "ಅಬ್ಬಾಗ ಏನೋ ಆಗಾಕತ್ತೈತ್ರಿ" ಎಂದಳು ಮೆಲ್ಲಗೆ. "ನಿನ್ನಿ ಮದ್ಯಾನ ಎಷ್ಟು ಕರದ್ರೂ ಏಳಲಿಲ್ಲ. ಉಸಿರು ಐತೋ ಇಲ್ಲೋ ಅಂತ ಮೂಗಿಗೆ ಕೈ ಹಿಡದು ನೋಡೀನಿ. ಮಂದೀನ ಕರೀಬೇಕು ಅನ್ನೂದ್ರಾಗ ಕಣ್ಣು ತಗದ. ಮೈಯೆಲ್ಲಾ ಬೆವರು. ಎರಡು ತಂಬಿಗಿ ನೀರು ಕುಡದು, ಸಾಕಾಗೇತಿ ಅಂದ."

ಎಷ್ಟು ಗಂಟೆಗೆ ಎಂದು ನಾನು ಕೇಳಿದೆ. ಸಂಜೆಯ ಅಸರ್ ನಮಾಜಿನ ಹೊತ್ತಿಗಿಂತ ಸ್ವಲ್ಪ ಮೊದಲು, ಅಂದರೆ ನಾಲ್ಕರ ಸುಮಾರಿಗೆ ಎಂದಳು. ನಡೆದದ್ದನ್ನು ಅವಳಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ಹೆದರುತ್ತಿದ್ದಳು. ವೈರು ಜೋಡಿಸಲು ಬಿಟ್ಟದ್ದರಿಂದಲೇ ಹೀಗಾಯಿತೆಂದು ಖಾಸಿಂಸಾಬ ಮಾತ್ರ ನನ್ನ ಮೇಲೆ ಇನ್ನೂ ಸಿಟ್ಟಾಗುತ್ತಿದ್ದನೇನೋ. ಆ ಬೇಸಗೆ ಮುಗಿಯುವ ಮೊದಲೇ ಅವನು ತೀರಿಕೊಂಡ. ಇನ್ನು ಕೇಳೋಣವೆಂದರೆ ಅವನೂ ಇಲ್ಲ.

ಮೆಕ್ಯಾನಿಕ್ ಬರಲು ಮತ್ತೂ ಹದಿನೈದು ದಿನ ಹಿಡಿಯಿತು. ಅಷ್ಟು ದಿನ ನಾವು ಮಾಳಿಗೆಯ ಮೇಲೆ ಸೀರೆಯ ಮರೆ ಕಟ್ಟಿ, ಬೂದಿ ಬೀಳದಂತೆ ಚಾದರ ಒಣಗಿಸಿದೆವು. ನಾಗಮ್ಮ ಮೆಟ್ಟಿಲು ಹತ್ತಿ ಇಳಿದು ಕಾಲು ಬಾತುಕೊಂಡಳು. ಇಬ್ಬರಿಗೆ ಬೆನ್ನು ಹುಣ್ಣಾಯಿತು. ಅದಕ್ಕೂ ನನ್ನ ಫ್ಯೂಸಿನ ಹಟವೇ ಕಾರಣವೆಂದು ಮಾತು ಬಂತು. ಆದರೂ ಫ್ಯೂಸನ್ನು ನಾನು ಕೊಡಲಿಲ್ಲ.

ರಾಯಚೂರಿನಿಂದ ಬಂದ ಮೆಕ್ಯಾನಿಕ್ ನಡುವಯಸ್ಸಿನವನು, ಕೆಲಸ ಬಲ್ಲವನು. ಕೊಳವೆಯಿಂದ ಒಂದು ಗೋಣಿಚೀಲ ತುಂಬುವಷ್ಟು ಕಸ ತೆಗೆದ. ಗೋಡೆಗೆ ಬೇರೆ ಕಿಂಡಿ ಹೊಡೆಸಿ ಗಾಳಿ ನೇರ ಹೊರಹೋಗುವಂತೆ ಮಾಡಿದ. ಸುಟ್ಟು ಕಪ್ಪಾಗಿದ್ದ ಜಾಗಕ್ಕೆ ಬೆರಳು ಇಟ್ಟು, "ಇನ್ನ ಹತ್ತು ನಿಮಿಷ ಓಡಿದ್ರ ನಿಮ್ಮ ಗ್ವಾಡಿ ಆಚಿ ಕಡಿ ಮಂದಿ ಉಳೀತಿದ್ದಿಲ್ರೀ" ಎಂದ. ಆಮೇಲೆ ಟೇಪು ಸುತ್ತಿದ ವೈರಿನ ತುದಿ ತಿರುಗಿಸಿ ತಿರುಗಿಸಿ ನೋಡಿದ.

"ಇದನ್ನ ಬಿಚ್ಚಿದಾವ ಕೆಲಸ ತಿಳದಾವ ಅದಾನ. ನಿಮ್ಮಲ್ಲೇ ಇರ್ತಾನೇನ್ರೀ?"

"ಇದ್ದ. ಈಗ ಮುದಗಲ್ಲಾಗ ಅದಾನ" ಎಂದೆ. ಆಗಿನ್ನೂ ಖಾಸಿಂಸಾಬ ಬದುಕಿದ್ದ.

"ಹಂಗಾರ ಅಲ್ಲಿಂದ ಬಂದು ಮಾಡಿ ಹೋದನೇನ್ರೀ? ಛಲೋ ಮನಿಷ್ಯಾ ಬಿಡ್ರಿ" ಎಂದು ಅವನು ಸ್ಕ್ರೂ ಬಿಗಿಯುತ್ತ ಸಹಜವಾಗಿ ಕೇಳಿ, ಉತ್ತರಕ್ಕಾಗಿ ತಲೆ ಎತ್ತಿದ. ನಾಗಮ್ಮ ಚಾದರ ಮಡಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಹೌದೆನ್ನಲೋ, ಇಲ್ಲವೆನ್ನಲೋ? ಅಂದು ನನಗೆ ತಿಳಿಯಲಿಲ್ಲ. ಇವತ್ತು ಯಾರಾದರೂ ಕೇಳಿದರೂ ನನಗೆ ತಿಳಿಯದು.